ಅಶೋಕನ ಊರಿನಲ್ಲಿ ಹೊರಸಿಗೆ ಹೊಸ ಹಗ್ಗ

ಸಿಂಧನೂರಿನಿಂದ ಲಿಂಗಸುಗೂರಿನತ್ತ ಹೊರಟ ಬಸ್ಸು ತುಂಗಭದ್ರಾ ಎಡದಂಡೆ ಕಾಲುವೆಯ ಹಸಿರನ್ನು ಹಿಂದೆ ಬಿಟ್ಟು ಸಾಗಿದಂತೆ, ಯಾರೋ ಬಂಡೆಗಳನ್ನು ಪೇರಿಸಿಟ್ಟಂತಿರುವ ಗುಡ್ಡಗಳು ಬಯಲಿನ ನಡುವೆ ಕಾಣತೊಡಗುತ್ತವೆ. ಮಸ್ಕಿ ಬಂತೆಂದು ಕಂಡಕ್ಟರ್ ಕೂಗಿ ಹೇಳಬೇಕಾಗಿಲ್ಲ. ಬೆಟ್ಟದ ಮೇಲಿನ ಮಲ್ಲಿಕಾರ್ಜುನನ ಗುಡಿಯೇ ಹೇಳುತ್ತದೆ. ಭಕ್ತರು ಈ ಕ್ಷೇತ್ರವನ್ನು ಎರಡನೇ ಶ್ರೀಶೈಲವೆಂದು ಕರೆಯುವುದುಂಟು.

ಹೊರಗಿನಿಂದ ಬರುವವರಲ್ಲಿ ಬಹುತೇಕರು ಇಲ್ಲಿ ಇಳಿಯುವುದು ಒಂದು ಕಲ್ಲನ್ನು ನೋಡಲು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಎಂಬಾತನಿಗೆ ಇಲ್ಲಿನ ಬಂಡೆಯೊಂದರ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅಲ್ಲಿಯವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದುಗಳೇ ಇದ್ದವು, ದೊರೆಯ ಹೆಸರಿರಲಿಲ್ಲ. ಆ ದೇವಾನಾಂಪ್ರಿಯ ಬೇರಾರೂ ಅಲ್ಲ, ಅಶೋಕನೇ ಎಂದು ಕಲ್ಲಿನಲ್ಲೇ ಹೆಸರು ಸಮೇತ ಸಾರಿದ್ದು ಮಸ್ಕಿ. ಚಿನ್ನ ಹುಡುಕುವವನಿಗೆ ಚಿನ್ನಕ್ಕಿಂತ ಬೆಲೆಬಾಳುವುದು ಸಿಕ್ಕಿತೆನ್ನಬೇಕು! ಧರ್ಮದಲ್ಲಿ ನಡೆದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಮೇಲಿನ ಪದವಿಯನ್ನು ಪಡೆಯಬಲ್ಲರು ಎಂಬುದು ಆ ಶಾಸನದ ತಿರುಳು.

ಶಾಸನ ನೋಡಿ, ಒಂದೆರಡು ಫೋಟೋ ತೆಗೆದುಕೊಂಡು ಮುಂದಿನ ಬಸ್ಸು ಹಿಡಿಯುವುದು ಪ್ರವಾಸಿಗರ ವಾಡಿಕೆ. ಹಾಗೆ ಮಾಡದೆ ಹಳೆಯ ಊರಿನ ಓಣಿಗಳಲ್ಲಿ ಸಂಜೆಯ ಹೊತ್ತು ನಡೆದರೆ ಇನ್ನೊಂದು ಹಳೆಯ ವಸ್ತು ಕಣ್ಣಿಗೆ ಬೀಳುತ್ತದೆ. ಮನೆಯ ಮುಂದೆ, ಬೇವಿನ ಮರದ ಕೆಳಗೆ, ಗೋಡೆಗೆ ಒರಗಿಸಿ ನಿಲ್ಲಿಸಿದ ಹೊರಸು. ನಾಲ್ಕು ಕಾಲು, ಎರಡು ಉದ್ದನೆಯ ಗಳ, ಎರಡು ಅಡ್ಡ ಗಳ, ನಡುವೆ ಹಗ್ಗದ ಹೆಣಿಗೆ, ಇಷ್ಟೇ ಅದರ ಶರೀರ. ಪಟ್ಟಣದ ಬಂಗಲೆಗಳಲ್ಲಿ ಬೆತ್ತದ ಕುರ್ಚಿಯನ್ನು ತೋಟದಲ್ಲಿ ಹಾಕಿಕೊಳ್ಳುವಂತೆ ರಾಯಚೂರು ಸೀಮೆಯ ಅಂಗಳದ ಪೀಠೋಪಕರಣ ಇದೇ. ಹಗಲು ಮೆಣಸಿನಕಾಯಿ, ಹಪ್ಪಳ ಒಣಗಿಸಲು, ಸಂಜೆ ಬೀಗರು ಬಂದರೆ ಕೂರಿಸಲು, ರಾತ್ರಿ ಮಲಗಲು. ಹದಿನಾಲ್ಕನೇ ಶತಮಾನದಲ್ಲಿ ಭಾರತಕ್ಕೆ ಬಂದಿದ್ದ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ, ಇಲ್ಲಿನ ಮಂಚಗಳು ಬಹಳ ಹಗುರ, ಪ್ರಯಾಣ ಹೊರಟವರು ಅವನ್ನು ಜೊತೆಯಲ್ಲೇ ಒಯ್ಯುತ್ತಾರೆ ಎಂದು ಬೆರಗಿನಿಂದ ಬರೆದಿಟ್ಟಿದ್ದಾನೆ.

ಬೇಸಿಗೆಯಲ್ಲಿ ಈ ಸೀಮೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದಲ್ಲ. ಹಗಲೆಲ್ಲ ಕಾದ ಬಂಡೆ, ಕಾದ ಕಾಂಕ್ರೀಟು ಮಾಳಿಗೆ ರಾತ್ರಿಯಿಡೀ ಆ ಶಾಖವನ್ನು ಹೊರಬಿಡುತ್ತಲೇ ಇರುತ್ತವೆ. ನೆಲದ ಮೇಲೆ ಮಲಗಿದವನಿಗೆ ಬೆನ್ನೇ ಬೇಯುತ್ತದೆ. ದಪ್ಪ ಹಾಸಿಗೆಯ ಮಂಚದಲ್ಲಿ ಮಲಗಿದವನ ಬೆನ್ನಿನ ಬೆವರು ಆರುವುದಿಲ್ಲ. ಹೊರಸಿನಲ್ಲಿ ಹಾಗಲ್ಲ. ನೆಲಕ್ಕೂ ಮೈಗೂ ನಡುವೆ ಒಂದೂವರೆ ಅಡಿ ಗಾಳಿ; ಹಗ್ಗದ ಸಂದಿನಿಂದ ಆ ಗಾಳಿ ಮೇಲಕ್ಕೆ ಬಂದು ಬೆವರನ್ನು ಆವಿ ಮಾಡಿ ಮೈಯ ಶಾಖವನ್ನು ಒಯ್ಯುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಇದೇ ನಿಯಮದಿಂದ. ಕರೆಂಟು ಹೋದರೂ ಈ ಏರ್ಪಾಡು ಕೈಕೊಡುವುದಿಲ್ಲ. ಕಲ್ಲುಗುಡ್ಡದ ಊರಿನಲ್ಲಿ ಚೇಳಿನ ಭಯ ತಪ್ಪುವುದು ಬೇರೆ.

ಇಷ್ಟೆಲ್ಲ ಗುಣವಿದ್ದೂ ಗೋಡೆಗೆ ಒರಗಿದ ಹೊರಸುಗಳಲ್ಲಿ ಎಷ್ಟೋ ಈಗ ಮಲಗಲು ಬರುವಂತಿಲ್ಲ. ಹಗ್ಗ ಹರಿದು ಜೋತಾಡುತ್ತಿರುತ್ತದೆ. ಮರ ಗಟ್ಟಿಯಾಗಿಯೇ ಇದೆ. ಜಾಲಿಯದೋ ಬೇವಿನದೋ ಕಾಲುಗಳು ಎರಡು ತಲೆಮಾರು ಬಾಳುತ್ತವೆ. ಹಗ್ಗ ಕೆಲವು ವರ್ಷಕ್ಕೆ ಸೋಲುತ್ತದೆ. ಹಗ್ಗ ಸೋತಾಗ ಹೊಸದಾಗಿ ಹೆಣೆಯಬಲ್ಲವರು ಮನೆಯಲ್ಲಿ ಇಲ್ಲದಿದ್ದರೆ ಮರ ಒಲೆಗೆ ಹೋಗುತ್ತದೆ, ಅಂಗಳಕ್ಕೆ ಪ್ಲಾಸ್ಟಿಕ್ ಕುರ್ಚಿ ಬರುತ್ತದೆ. ಕುರ್ಚಿಯ ಕಾಲು ಮುರಿದರೆ ಅದನ್ನು ಒಲೆಗೂ ಹಾಕುವಂತಿಲ್ಲ.

ಮಸ್ಕಿಯ ಒಂದು ಮನೆಯಲ್ಲಿ ಮೇ ತಿಂಗಳ ರಜೆಯಲ್ಲಿ ಇಂಥದೇ ಒಂದು ಹೊರಸು ಒಲೆಯ ಬಾಯಿಂದ ತಪ್ಪಿಸಿಕೊಂಡಿತು. ಮನೆಯ ಹಿರಿಯರಿಗೆ ಎಂಬತ್ತರ ಹತ್ತಿರ ವಯಸ್ಸು, ಕೈ ನಡುಗುತ್ತದೆ. ಅವರ ಮಗ ಹೊಸ ಕಬ್ಬಿಣದ ಮಂಚ ತರುವುದಾಗಿ ಹೇಳಿ ಹೊರಸನ್ನು ಒಡೆಯಲು ಕೊಡಲಿ ತೆಗೆದಿದ್ದರು. ‘ಕಬ್ಬಿಣ ಹಗಲೆಲ್ಲ ಕಾಯ್ತೈತಿ, ಅದರ ಮ್ಯಾಲೆ ನೀನs ಮಲಗು’ ಎಂದು ಹಿರಿಯರು ಎದ್ದು ಹೋದರಂತೆ. ಒಂಬತ್ತನೇ ತರಗತಿಯ ಮೊಮ್ಮಗಳು ನಡುವೆ ಬಂದಳು. ‘ತಾತಾ, ನೀ ಹೇಳು, ನಾ ಹೆಣಿತೀನಿ’ ಎಂದಳು. ಹೀಗೆ ಶುರುವಾದ ಕೆಲಸ ಆರು ದಿನ ಹಿಡಿಯಿತು. ಅದರಲ್ಲಿ ಎರಡು ದಿನ ದಂಡ.

ಮೊದಲು ಹಳೆಯ ಹಗ್ಗವನ್ನು ಕೊಯ್ದು ತೆಗೆದರು. ಅದು ಪುಂಡಿ ನಾರಿನದು. ಪುಂಡಿಯ ಎಲೆ ಪಲ್ಯಕ್ಕಾದರೆ ಅದರ ಕಟ್ಟಿಗೆಯನ್ನು ನೀರಿನಲ್ಲಿ ಕೆಲವು ದಿನ ಕೊಳೆಹಾಕುತ್ತಿದ್ದರು. ನಾರುಗಳನ್ನು ಹಿಡಿದಿಟ್ಟ ಅಂಟನ್ನು ಸೂಕ್ಷ್ಮಾಣುಜೀವಿಗಳು ತಿಂದುಹಾಕಿದ ಮೇಲೆ ನಾರು ಸಲೀಸಾಗಿ ಬಿಡುತ್ತದೆ. ಹಿಂದೆ ಒಕ್ಕಲುತನದ ಮನೆಗಳಲ್ಲಿ ಕಣ್ಣಿ, ನೇಣು, ಹೊರಸಿನ ಹಗ್ಗ ಎಲ್ಲವೂ ಇದರಿಂದಲೇ ಆಗುತ್ತಿದ್ದವು.

ಆಮೇಲೆ ಮರದ ಆರೈಕೆ. ಗಳ ಸೇರುವ ತೂತುಗಳಲ್ಲಿ ತಗಣಿ ಮನೆ ಮಾಡಿರುತ್ತದೆ. ಕುದಿಯುವ ನೀರು ಹೊಯ್ದು ಎರಡು ಬಿಸಿಲು ಒಣಗಿಸಿದರು. ನೀರನ್ನು ತಂದೆಯೇ ಹೊಯ್ದರು, ಮಕ್ಕಳ ಕೈಗೆ ಕೊಡಲಿಲ್ಲ. ಮರಳು ಕಾಗದದಿಂದ ಉಜ್ಜಿದಾಗ ಕಾಲುಗಳಲ್ಲಿ ಬಿರುಕು ಕಂಡವು. ಬಡಗಿಯ ಅಂಗಡಿಯಿಂದ ತಂದ ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಆ ಬಿರುಕುಗಳಿಗೆ ತುಂಬಿದರು. ಇದೇನೂ ಹೊಸ ಉಪಾಯವಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹುಣಸೆಬೀಜದ ಅಂಟಿನಲ್ಲಿ ಇಂಥ ಕಣಕ ಕಲಸಿಕೊಂಡೇ ಮರದ ಬೊಂಬೆಗಳ ಬೆಸುಗೆ ಮುಚ್ಚಿ, ಮೈ ನಯಗೊಳಿಸಿ ಬಣ್ಣ ಹಚ್ಚುತ್ತ ಬಂದಿದ್ದಾರೆ. ಆದರೆ ಹೊರಗಿಡುವ ಸಾಮಾನಿಗೆ ಒಂದು ಎಚ್ಚರ ಬೇಕು: ಹುಣಸೆಬೀಜದ ಅಂಟಾಗಲಿ, ಅಂಗಡಿಯ ಸಾಧಾರಣ ಬಿಳಿ ಅಂಟಾಗಲಿ ಮಳೆಗೆ ಮೆತ್ತಗಾಗುತ್ತದೆ. ಮೇಲೆ ಎರಡು ಕೈ ಎಣ್ಣೆ ಬಣ್ಣ ಬೇಕೇ ಬೇಕು.

ಹಗ್ಗಕ್ಕೆ ಏನು ಮಾಡುವುದು? ತಂದೆ ಅಂಗಡಿಯಿಂದ ನೈಲಾನ್ ಹಗ್ಗದ ಸುರುಳಿಯೊಂದನ್ನು ತಂದರು. ಅದು ನುಣುಪು. ಘರ್ಷಣೆ ಕಡಿಮೆಯಾದ್ದರಿಂದ ಹಾಕಿದ ಗಂಟು ಜಾರುತ್ತದೆ, ಹೆಣಿಗೆ ಒಂದೆಡೆಗೆ ಸರಿಯುತ್ತದೆ. ಗೊಬ್ಬರದ ಪ್ಲಾಸ್ಟಿಕ್ ಚೀಲ ಸೀಳಿ ಹೊಸೆಯಬಹುದೆಂದು ನೆರೆಯವರು ಹೇಳಿದರು. ಅದೂ ಆಗದು. ಬಿಸಿಲಿನ ನೇರಳಾತೀತ ಕಿರಣಗಳಿಗೆ ಆ ಎಳೆಗಳು ಕ್ರಮೇಣ ಪುಡಿಪುಡಿಯಾಗಿ ಉದುರುತ್ತವೆ. ಕೊನೆಗೆ ಉಪಾಯ ಹೊಳೆದದ್ದು ಹುಡುಗಿಯ ಅವ್ವನಿಗೆ. ಪೆಟ್ಟಿಗೆಯಲ್ಲಿ ಹಳೆಯ ನೂಲಿನ ಸೀರೆಗಳಿದ್ದವು. ಕೌದಿ ಹೊಲಿಸಲೆಂದು ಕೂಡಿಟ್ಟವು.

ಎಷ್ಟು ಸೀರೆ ಬೇಕು ಎಂಬುದು ಒಳ್ಳೆಯ ಲೆಕ್ಕ. ಶಾಲೆಯ ಹಲಗೆಯ ಮೇಲೆ ಮಾಡಿಸಬಹುದಾದಂಥದು. ಹೊರಸು ಆರು ಅಡಿ ಉದ್ದ, ಮೂರು ಅಡಿ ಅಗಲ. ಕಾಲಿನ ಕಡೆ ಒಂದು ಅಡಿ ಬಿಟ್ಟರೆ ಹೆಣೆಯಬೇಕಾದದ್ದು ಐದು ಅಡಿ. ಅಂಗುಲಕ್ಕೆ ಒಂದರಂತೆ ಉದ್ದಕ್ಕೆ 36 ಎಳೆ, ಅಡ್ಡಕ್ಕೆ 60 ಎಳೆ. ಅಂದರೆ 180 ಅಡಿ ಮತ್ತು 180 ಅಡಿ, ಗಳಕ್ಕೆ ಸುತ್ತುವ ಬಾಬ್ತು ಇನ್ನೊಂದು 50 ಅಡಿ; ಒಟ್ಟು 410 ಅಡಿ. ಐದೂವರೆ ಮೀಟರಿನ ಸೀರೆ ಎಂದರೆ 18 ಅಡಿ. ಅಗಲ 45 ಅಂಗುಲವಿದ್ದರೆ ಮೂರು ಅಂಗುಲದ 15 ಪಟ್ಟಿಗಳು, ಒಟ್ಟು 270 ಅಡಿ. ಎರಡೆರಡನ್ನು ಕೂಡಿಸಿ ಹೊಸೆದರೆ ಅದರ ಅರ್ಧ, 135 ಅಡಿ. ಹುರಿ ಏರಿದಂತೆ ಹಗ್ಗ ಗಿಡ್ಡಾಗುವುದರಿಂದ ಸುಮಾರು 110 ಅಡಿ ಉಳಿಯುತ್ತದೆ. ನಾಲ್ಕು ಸೀರೆಗೆ ಒಂದು ಹೊರಸು! ಅವ್ವ ಮೂರು ಕೊಟ್ಟರು. ನಾಲ್ಕನೆಯದು ತೀರಿಹೋದ ಅಜ್ಜಿಯ ಇಲಕಲ್ ಸೀರೆ. ಅದನ್ನು ಹರಿಯಲು ಯಾರಿಗೂ ಮನಸ್ಸಿರಲಿಲ್ಲ. ‘ಪೆಟಿಗ್ಯಾಗ ನುಸಿ ತಿನ್ನೋದಕ್ಕಿಂತ ಇದು ಚೊಲೊ’ ಎಂದು ತಾತನೇ ಅದನ್ನು ಮುಂದಿಟ್ಟರು.

ಸೀರೆಯನ್ನು ಕತ್ತರಿಯಿಂದ ಕತ್ತರಿಸುತ್ತ ಹೋಗಬಾರದು. ತುದಿಯಲ್ಲಿ ಒಂದು ಕಚ್ಚು ಹಾಕಿ ಉದ್ದಕ್ಕೆ ಹರಿದರೆ ಹಾಸಿನ ಎಳೆಗುಂಟ ನೆಟ್ಟಗೆ ಹರಿಯುತ್ತದೆ. ಹೊಸೆಯುವುದರಲ್ಲಿಯೂ ಒಂದು ಗುಟ್ಟಿದೆ. ಎರಡೂ ಪಟ್ಟಿಗಳನ್ನು ಬೇರೆಬೇರೆಯಾಗಿ ಬಲಕ್ಕೆ ಹುರಿ ಮಾಡಿ, ಎರಡನ್ನೂ ಕೂಡಿಸುವಾಗ ಎಡಕ್ಕೆ ಸುತ್ತಬೇಕು. ಪ್ರತಿ ಎಳೆಯೂ ಬಿಚ್ಚಿಕೊಳ್ಳಲು ಹವಣಿಸುತ್ತದೆ. ಹಾಗೆ ಹವಣಿಸಿದಷ್ಟೂ ಒಂದು ಇನ್ನೊಂದನ್ನು ಬಿಗಿಯುತ್ತದೆ. ಹುಲ್ಲು ಕೊಯ್ದು ತಂದು ಹಗ್ಗ ಹೊಸೆದು ಮಾರುವುದನ್ನೇ ಕಾಯಕ ಮಾಡಿಕೊಂಡಿದ್ದ ಹನ್ನೆರಡನೇ ಶತಮಾನದ ಶರಣ ನುಲಿಯ ಚಂದಯ್ಯನ ಕೈಗೂ ಈ ಗುಟ್ಟು ಗೊತ್ತಿದ್ದಿರಬೇಕು. ನುಲಿ ಎಂದರೆ ಹುರಿಗೊಳಿಸು ಎಂದೇ ಅರ್ಥ.

ಇನ್ನು ಎರಡು ದಿನ ದಂಡವಾದ ಕಥೆ. ಹುಡುಗಿಗೆ ಅವಸರ. ತಾತ ಮಧ್ಯಾಹ್ನ ಮಲಗಿದ್ದಾಗ ಒಂದು ಮೂಲೆಯಿಂದ ಜಗ್ಗಿ ಜಗ್ಗಿ ಹೆಣೆಯತೊಡಗಿದಳು. ಮರುದಿನ ಸಂಜೆಯ ಹೊತ್ತಿಗೆ ಅರ್ಧ ಮುಗಿದಿತ್ತು. ದೂರ ನಿಂತು ನೋಡಿದರೆ ಹೊರಸು ಆಯತವಾಗಿ ಉಳಿದಿರಲಿಲ್ಲ, ಓರೆಯಾಗಿ ಸಮಾಂತರ ಚತುರ್ಭುಜವಾಗಿತ್ತು. ಒಂದು ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮೂರು ಕೋಲಿನ ತ್ರಿಕೋನವನ್ನು ಎಷ್ಟು ಜಗ್ಗಿದರೂ ಆಕಾರ ಕೆಡುವುದಿಲ್ಲ, ನಾಲ್ಕು ಕೋಲಿನ ಚೌಕಟ್ಟು ಜಗ್ಗಿದ ಕಡೆಗೆ ವಾಲುತ್ತದೆ. ಎಲ್ಲವನ್ನೂ ಬಿಚ್ಚಬೇಕಾಯಿತು. ತಾತ ಬೈಯಲಿಲ್ಲ, ಒಂದು ನೂಲು ತರಿಸಿದರು. ಅಡ್ಡ ಗಳದ ಮೂರು ಅಡಿ, ಅದೇ ಮೂಲೆಯಿಂದ ಉದ್ದ ಗಳದ ಮೇಲೆ ನಾಲ್ಕು ಅಡಿಗೆ ಒಂದು ಗುರುತು. ಆ ಎರಡು ತುದಿಗಳ ನಡುವೆ ನೂಲು ಸರಿಯಾಗಿ ಐದು ಅಡಿ ಬಂದರೆ ಮೂಲೆ ನೆಟ್ಟಗಿದೆಯೆಂದು ಲೆಕ್ಕ. ಶಾಲೆಯ ಮೆಟ್ಟಿಲು ಹತ್ತದ ತಾತನಿಗೆ ಪೈಥಾಗೊರಸ್ ಯಾರೆಂದು ತಿಳಿಯದು. ಹುಡುಗಿಗೆ ಪ್ರಮೇಯ ಬಾಯಿಪಾಠವಿತ್ತು. ಅದು ಹೊರಸಿನ ಮೂಲೆಯಲ್ಲಿಯೂ ಇದೆಯೆಂದು ತಿಳಿದದ್ದು ಅಂದೇ.

ಎರಡನೇ ಸಲ ಮೂಲೆಯಿಂದ ಮೂಲೆಗೆ ತಾತ್ಕಾಲಿಕವಾಗಿ ಹಗ್ಗ ಬಿಗಿದು ಚೌಕಟ್ಟನ್ನು ಹಿಡಿದಿಟ್ಟುಕೊಂಡೇ ಹೆಣೆದರು. ಉದ್ದದ ಎಳೆಗಳನ್ನು ಕಾಲಿನ ಕಡೆಯ ಗಳಕ್ಕೆ ನೇರವಾಗಿ ಸುತ್ತದೆ, ಒಂದು ಅಡಿ ಹಿಂದೆ ಅಡ್ಡಲಾಗಿ ಕಟ್ಟಿದ ದಪ್ಪ ಹಗ್ಗಕ್ಕೆ ಸುತ್ತಿದರು. ಆ ದಪ್ಪ ಹಗ್ಗಕ್ಕೂ ಗಳಕ್ಕೂ ನಡುವೆ ಬೂಟಿನ ಲಾಡಿಯಂತೆ ಇನ್ನೊಂದು ಹಗ್ಗ ಏರಿಳಿಯುತ್ತದೆ. ಹೊರಸಿನ ಜಾಣ್ಮೆಯೆಲ್ಲ ಇರುವುದು ಇಲ್ಲಿಯೇ. ಹೆಣಿಗೆ ಜೋತುಬಿದ್ದಾಗ ಪೂರ್ತಿ ಬಿಚ್ಚಬೇಕಾಗಿಲ್ಲ. ಈ ಲಾಡಿಯನ್ನಷ್ಟೇ ಜಗ್ಗಿದರೆ ಸಾಕು. ಒಂದೊಂದು ಸುತ್ತೂ ರಾಟೆಯಂತೆ ಕೆಲಸ ಮಾಡುವುದರಿಂದ ಹುಡುಗಿಯ ಕೈಬಲಕ್ಕೂ ಇಡೀ ಹೊರಸು ಬಿಗಿಯುತ್ತದೆ. ತಂದೆ ತಂದ ನೈಲಾನ್ ಹಗ್ಗವೂ ವ್ಯರ್ಥವಾಗಲಿಲ್ಲ. ಜಾರುವ ಗುಣ ಇಲ್ಲಿಗೇ ಸರಿಹೋಯಿತು.

ಕಾಲುಗಳಿಗೆ ಕೆಂಪು, ಗಳಗಳಿಗೆ ಹಸಿರು ಬಣ್ಣ ಹಚ್ಚಿದ್ದರು. ಕಾಲಿನ ಅಡಿಗೆ ಹಳೆಯ ಸೈಕಲ್ ಟೈರಿನ ತುಂಡು ಹೊಡೆದರು, ತೇವ ಏರದಂತೆ. ತಲೆಯ ಕಡೆಯ ಗಳದ ಮೇಲೆ ಹೂಬಳ್ಳಿ ಬರೆ ಎಂದರು ತಂದೆ. ಹುಡುಗಿ ಬರೆದದ್ದು ಬೆಟ್ಟದ ಶಾಸನದ ನಾಲ್ಕು ಅಕ್ಷರ, ‘ಅಸೋಕಸ’. ಅಶೋಕನ ಎಂದರ್ಥ. ಬ್ರಾಹ್ಮಿಯ ಕಕಾರ ಗಣಿತದ ಕೂಡಿಸುವ ಚಿಹ್ನೆಯಂತೆಯೇ ಇರುವುದರಿಂದ, ಹಗ್ಗದ ಎಳೆಗಳು ಕೂಡುವಲ್ಲೆಲ್ಲ ಕಕಾರವೇ ಕಾಣುತ್ತದೆಂದು ಅವಳ ತಮ್ಮ ನಕ್ಕ. ಬಣ್ಣ, ಮರಳು ಕಾಗದ, ಅಂಟು, ನೈಲಾನ್ ಹಗ್ಗ ಇಷ್ಟೇ ಖರ್ಚು. ಮಿಕ್ಕದ್ದೆಲ್ಲ ಮನೆಯಲ್ಲೇ ಇದ್ದದ್ದು.

ಹೊರಸು ಸಿದ್ಧವಾದ ರಾತ್ರಿ ತಾತ ಮೊದಲು ಮೊಮ್ಮಗಳನ್ನೇ ಅದರ ಮೇಲೆ ಕೂರಿಸಿ, ಕೆಳಗೆ ಬಗ್ಗಿ ಎಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಒಂದು ಕಡೆ ಎಳೆ ತಪ್ಪಿತ್ತು. ಹೇಳಿದರು, ಬಿಚ್ಚಿಸಲಿಲ್ಲ. ನೂಲಿನ ಹಗ್ಗ ಮೊದಲಿಗೆ ಹಿಗ್ಗುವುದರಿಂದ ಎಂಟು ದಿನಕ್ಕೆ ಒಮ್ಮೆ, ತಿಂಗಳಿಗೆ ಒಮ್ಮೆ ಲಾಡಿ ಜಗ್ಗಬೇಕು. ಮಳೆಗಾಲದಲ್ಲಿ ಒಳಗಿಡಬೇಕು, ಇಲ್ಲವಾದರೆ ನೂಲು ಕೊಳೆಯುತ್ತದೆ. ಈ ಎರಡು ಮಾತನ್ನು ಅವರು ಮೂರು ಸಲ ಹೇಳಿದರು.

ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ ಪಕ್ಕದ ಮನೆಯವರ ಹೊರಸೂ ಅಂಗಳಕ್ಕೆ ಬಂದಿತ್ತು. ಮೂರು ಸೀರೆ ಸಿಕ್ಕಿದ್ದವು. ನಾಲ್ಕನೆಯದನ್ನು ಹುಡುಕುತ್ತಿದ್ದರು.