ಸೂರಿಗೆ ಬಡಿದು ಬಂದ ಬೆಳಕು

ಕಳೆದ ವರ್ಷ ಜೂನ್‌ನಲ್ಲಿ ಮಗಳ ಶಾಲೆಯವರು ಪಾಸ್‌ಪೋರ್ಟ್ ಸೈಜಿನ ಫೋಟೊ ಕೇಳಿದರು. ತುಮಕೂರಿನ ನಮ್ಮ ಮನೆ ಹತ್ತಿರದ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋದೆ. ಹತ್ತು ನಿಮಿಷದಲ್ಲಿ ಕೈಗೆ ಬಂದ ಕವರಿನಲ್ಲಿ ಇದ್ದವಳು ಬೇರೆ ಯಾರೋ. ಹಣೆ, ಕೆನ್ನೆ, ಮೂಗು ಎಲ್ಲಕ್ಕೂ ಮೈದಾಹಿಟ್ಟಿನ ಬಣ್ಣ. ಮೂರು ವರ್ಷದವಳಿದ್ದಾಗ ಬಾಗಿಲಿಗೆ ಬಿದ್ದು ಹುಬ್ಬಿನ ಮೇಲೆ ಮಾಡಿಕೊಂಡಿದ್ದ ಗಾಯದ ಗುರುತೂ ಮಾಯ. "ಸ್ವಲ್ಪ ಬ್ರೈಟ್ ಮಾಡಿದೀನಿ ಮೇಡಂ, ಅದಕ್ಕೆ ಎಕ್ಸ್‌ಟ್ರಾ ಇಲ್ಲ" ಅಂದ ಹುಡುಗ. ಉಪಕಾರ ಮಾಡಿದ ಖುಷಿಯಲ್ಲಿದ್ದ. ಅಂಥವನ ಜೊತೆ ಜಗಳ ಆಡುವುದು ಹೇಗೆ? ದುಡ್ಡು ಕೊಟ್ಟು ಬಂದೆ.

ರಾತ್ರಿ ನೋಡಿದರೆ ಎಂಟು ವರ್ಷದ ಮಗಳು ಆ ಫೋಟೊವನ್ನು ಕನ್ನಡಿಯ ಮೂಲೆಗೆ ಸಿಕ್ಕಿಸಿಕೊಂಡು ಅದನ್ನೊಮ್ಮೆ, ತನ್ನನ್ನೊಮ್ಮೆ ನೋಡಿಕೊಳ್ಳುತ್ತಿದ್ದಾಳೆ. "ಅಮ್ಮ, ನಾನು ಯಾವಾಗ ಹಿಂಗಾಗ್ತೀನಿ?"

ಅವಳು ನನ್ನ ಬಣ್ಣ. ನಾನು ನನ್ನ ಅಪ್ಪನ ಬಣ್ಣ. ಗುಬ್ಬಿಯ ನಮ್ಮ ಮನೆಯ ಗೋಡೆಯ ಮೇಲೆ ನನ್ನದೂ ಒಂದು ಫೋಟೊ ಇದೆ. ಆರನೇ ವಯಸ್ಸಿನದು. ಸ್ಟುಡಿಯೋಗೆ ಹೊರಡುವ ಮುಂಚೆ ಅಮ್ಮ ಮುಖಕ್ಕೆ ಪೌಡರ್ ಮೆತ್ತಿದ್ದಳು. ಫ್ಲಾಶ್ ಬೆಳಕಿಗೆ ಮುಖ ಬೂದಿ ಬಳಿದ ಹಾಗೆ ಬೆಳ್ಳಗಾಗಿದೆ, ಕುತ್ತಿಗೆ ಮಾತ್ರ ನನ್ನದೇ. ನೆಂಟರ ಮನೆಗಳಲ್ಲೂ ಇಂಥ ಎರಡು ಬಣ್ಣದ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ.

ಮಗಳಿಗೆ ಬಾಯಿಮಾತಿನಲ್ಲಿ ಹೇಳಿದ ಸಮಾಧಾನ ಯಾವುದೂ ಕೆಲಸ ಮಾಡಲಿಲ್ಲ. ಅವಳ ಹತ್ತಿರ ಸಾಕ್ಷಿ ಇತ್ತು, ನನ್ನ ಹತ್ತಿರ ಮಾತು ಮಾತ್ರ. ಮನೆಯಲ್ಲಿ ಒಂದು ಹಳೆಯ ಕ್ಯಾಮೆರಾ ಇತ್ತು. ಸೆಕೆಂಡ್ ಹ್ಯಾಂಡ್ ಫ್ಲಾಶ್ ಒಂದನ್ನು ಕೊಂಡು ತಂದೆ.

ಮೊದಲ ದಿನದ ಫೋಟೊಗಳು ಸ್ಟುಡಿಯೋದವನಿಗಿಂತ ಕೆಟ್ಟದಾಗಿ ಬಂದವು. ಕ್ಯಾಮೆರಾದ ತಲೆಯ ಮೇಲೆ ಕೂತ ಫ್ಲಾಶ್ ಅಂದರೆ ಬೆಂಕಿಪೊಟ್ಟಣದಷ್ಟು ಅಗಲದ ಬೆಳಕು. ಅದು ನೇರ ಮುಖಕ್ಕೆ ಬಡಿದರೆ ಹಣೆ, ಮೂಗಿನ ತುದಿ ಸ್ಟೀಲ್ ಲೋಟದ ಹಾಗೆ ಮಿನುಗುತ್ತವೆ, ಹಿಂದಿನ ಗೋಡೆಯ ಮೇಲೆ ಕತ್ತರಿಸಿ ಅಂಟಿಸಿದಂಥ ಕರೀ ನೆರಳು. ಮೈಬಣ್ಣ ಕಪ್ಪಗಿದ್ದಷ್ಟೂ ಆ ಬಿಳಿ ಚುಕ್ಕೆ ಎದ್ದು ಕಾಣುತ್ತದೆ. ಉಪಾಯ ಸರಳ: ಬೆಳಕಿನ ಮೈ ದೊಡ್ಡದಾಗಬೇಕು. ಫ್ಲಾಶಿನ ಕತ್ತನ್ನು ಮೇಲಕ್ಕೆ ತಿರುಗಿಸಿದೆ. ಬೆಳಕು ಸುಣ್ಣ ಬಳಿದ ಸೂರಿಗೆ ಬಡಿದು ಅಲ್ಲಿಂದ ಹರಡಿಕೊಂಡು ಇಳಿಯಿತು. ಆ ಚುಕ್ಕೆಗಳು ಕರಗಿ ಕೆನ್ನೆಯ ಮೇಲೆ ನುಣುಪಾದ ಹೊಳಪಾದವು, ಎಣ್ಣೆ ಸವರಿದ ಹೊಂಗೆ ಎಲೆಯ ಹಾಗೆ.

ಆದರೆ ಕಣ್ಣುಗಳು ಗುಂಡಿಗೆ ಬಿದ್ದವು. ಬೆಳಕೆಲ್ಲ ಮೇಲಿಂದಲೇ ಬಂದರೆ ಹುಬ್ಬಿನ ನೆರಳು ಕಣ್ಣಿಗೆ ಬೀಳುತ್ತದೆ. ಟಿವಿ ಪೆಟ್ಟಿಗೆಯಲ್ಲಿ ಬಂದಿದ್ದ ಥರ್ಮೋಕೋಲ್ ಹಾಳೆಯನ್ನು ಮಗಳ ತೊಡೆಯ ಮೇಲೆ ಇಟ್ಟು, ಫ್ಲಾಶನ್ನು ನೆಟ್ಟಗೆ ಮೇಲಕ್ಕೆ ಮಾಡದೆ ಪಕ್ಕದ ಗೋಡೆಯೂ ಸೂರೂ ಸೇರುವ ಮೂಲೆಗೆ ಗುರಿ ಮಾಡಿದೆ. ಆಗ ಎರಡೂ ಕಣ್ಣಲ್ಲಿ ಬೆಳಕಿನ ಕಾಳು ಮೂಡಿತು.

ಇನ್ನೊಂದು ಕಾಟ ಶಾಲೆಯ ಬಿಳಿ ಅಂಗಿಯದು. ಆಟೊಮ್ಯಾಟಿಕ್‌ನಲ್ಲಿಟ್ಟರೆ ಕ್ಯಾಮೆರಾ ತಾನು ಕಂಡದ್ದನ್ನೆಲ್ಲ ನಡುವಿನ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಅಂಗಿ ಬೆಳ್ಳಗಿದೆಯಲ್ಲ ಎಂದು ಬೆಳಕು ಕಡಿಮೆ ಮಾಡುತ್ತದೆ, ಮುಖ ಕತ್ತಲಾಗುತ್ತದೆ. ಹಿಂದೆ ಕರೀ ಬೀರು ಇದ್ದರೆ ಅದೇ ಮುಖ ಸುಟ್ಟು ಬೆಳ್ಳಗಾಗುತ್ತದೆ. ಹಾಗಾಗಿ ಎಲ್ಲವನ್ನೂ ಮ್ಯಾನ್ಯುಯಲ್‌ಗೆ ಹಾಕಿದೆ. ಐಎಸ್ಒ 400, ಎಫ್ 4, ಶಟರ್ 1/160, ಫ್ಲಾಶ್ ಕಾಲು ಶಕ್ತಿಗೆ. ಸಂಜೆ ಹೊತ್ತು ನಮ್ಮ ಹಾಲಿನಲ್ಲಿ ಇದೇ ಲೆಕ್ಕ. ಈ ಶಟರ್ ವೇಗಕ್ಕೆ ಟ್ಯೂಬ್‌ಲೈಟಿನ ಹಸಿರು ಛಾಯೆ ಹೆಚ್ಚುಕಡಿಮೆ ಒಳಗೇ ಬರುವುದಿಲ್ಲ. ಫ್ಲಾಶ್ ಬೆಳಗುವುದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಹೊತ್ತು, ಹಾಗಾಗಿ ಕೂತಲ್ಲಿ ಕೂರದ ಮಕ್ಕಳೂ ಅಲುಗದೆ ಸಿಗುತ್ತವೆ.

ಇದನ್ನೆಲ್ಲ ಓದುತ್ತಾ ಕೂತಾಗ ಒಂದು ಸಂಗತಿ ಸಿಕ್ಕಿತು. ಕೊಡಕ್ ಕಂಪನಿ ಬಣ್ಣದ ಫೋಟೊ ಮುದ್ರಿಸುವ ಲ್ಯಾಬ್‌ಗಳಿಗೆ ಹೋಲಿಸಿ ನೋಡಿಕೊಳ್ಳಲೆಂದು ಒಂದು ಕಾರ್ಡು ಕಳಿಸುತ್ತಿತ್ತಂತೆ. ಅದರಲ್ಲಿ ಒಬ್ಬ ಬಿಳಿ ಹೆಂಗಸು. ಅವಳ ಬಣ್ಣ ಸರಿ ಬಂದರೆ ಎಲ್ಲವೂ ಸರಿ. ಮೊದಲು ಆ ಕಾರ್ಡಿಗೆ ರೂಪದರ್ಶಿಯಾದ ಉದ್ಯೋಗಿಯ ಹೆಸರಿನಿಂದ ಅದಕ್ಕೆ 'ಶರ್ಲಿ ಕಾರ್ಡ್' ಎಂದೇ ಹೆಸರು. ಕೆನಡಾದ ಲೋರ್ನಾ ರಾತ್ 2009ರಲ್ಲಿ ಇದರ ಬಗ್ಗೆ ದೊಡ್ಡ ಲೇಖನ ಬರೆದಿದ್ದಾರೆ. ಫಿಲ್ಮಿನಲ್ಲಿ ಕಂದು ಬಣ್ಣಗಳು ಸುಧಾರಿಸಿದ್ದಕ್ಕೆ ಒಂದು ಕಾರಣ ಚಾಕೊಲೇಟ್ ಕಂಪನಿಗಳು, ಮರದ ಪೀಠೋಪಕರಣದವರು ತಮ್ಮ ಮಾಲು ಸರಿಯಾಗಿ ಕಾಣುತ್ತಿಲ್ಲ ಎಂದು ದೂರಿದ್ದು. ಬಾಗಿಲು ತೆರೆದದ್ದು ಕುರ್ಚಿ, ಮೇಜಿಗಾಗಿ. ಹಿಂದೆಯೇ ನಾವೂ ನುಸುಳಿಕೊಂಡೆವು. ಇದನ್ನು ಓದಿ ಒಬ್ಬಳೇ ನಕ್ಕೆ, ಆಮೇಲೆ ನಿದ್ದೆ ಬರಲಿಲ್ಲ.

ವಿದ್ಯೆ ತಲೆಗೇರಿತ್ತು. ಕುಣಿಗಲ್‌ನಲ್ಲಿ ನಾದಿನಿಯ ಮಗುವಿಗೆ ನಾಮಕರಣ. ಹೆಬ್ಬೂರು ದಾಟುವಷ್ಟರಲ್ಲಿ ಹೇಗೆ ಹೇಗೆ ತೆಗೆಯಬೇಕು ಎಂದು ಮನಸ್ಸಿನಲ್ಲೇ ಎಲ್ಲ ಜೋಡಿಸಿಕೊಂಡಿದ್ದೆ. ಅಲ್ಲಿ ಹೋಗಿ ನೋಡಿದರೆ ಹೊಸದಾಗಿ ಪೇಂಟ್ ಮಾಡಿಸಿದ ಗಿಳಿಹಸಿರು ಗೋಡೆ. ನಾದಿನಿಯ ಅತ್ತೆ, "ಲೈಟ್ ಹೊಡೆದ್ರೆ ಮಗೀಗೆ ಕಣ್ಣು ಹೋಯ್ತದೆ" ಎಂದು ಅಡ್ಡ ನಿಂತರು. ಮಗುವಿನ ಕಡೆಗೆ ಹೊಡೆಯುವುದೇ ಇಲ್ಲ, ಗೋಡೆಗೆ ಹೊಡೆಯುತ್ತೇನೆ ಅಂತ ಒಪ್ಪಿಸಿದೆ. ಒಪ್ಪಿಸಬಾರದಿತ್ತು. ಗೋಡೆಗೆ ಬಡಿದ ಬೆಳಕು ಗೋಡೆಯ ಬಣ್ಣವನ್ನೂ ಹೊತ್ತು ತರುತ್ತದೆ ಅನ್ನುವುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ತೊಟ್ಟಿಲಲ್ಲಿ ಹಸಿರು ಮಗು. ನಾದಿನಿ ಇವತ್ತಿಗೂ ಆ ಮಾತೆತ್ತಿ ನಗುತ್ತಾಳೆ.

ದಸರಾ ರಜೆಗೆ ಗುಬ್ಬಿಗೆ ಹೋದೆವು. ಅಲ್ಲಿ ಸಮಸ್ಯೆ ಇನ್ನೊಂದು. ಹಳೇ ಹೆಂಚಿನ ಮನೆ, ಹೊಗೆ ಹಿಡಿದ ತೊಲೆಗಳು. ಎಷ್ಟು ಬೆಳಕು ಕಳಿಸಿದರೂ ಸೂರು ನುಂಗಿಕೊಳ್ಳುತ್ತಿತ್ತು. ಸುಬ್ರತ ಮಿತ್ರ ನೆನಪಾದರು. ಸತ್ಯಜಿತ್ ರಾಯ್ ಅವರ 'ಅಪರಾಜಿತೊ'ಗೆ, 1956ರಲ್ಲಿ, ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದೊಳಗೆ ಕಟ್ಟಿದ್ದಾಗ ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿ, ದೀಪಗಳನ್ನು ಅದಕ್ಕೆ ಬಡಿಸಿ, ತೆರೆದ ಆಕಾಶದ ಬೆಳಕನ್ನು ತಂದವರು. ಅಪ್ಪ ಹೋಗಿ ನಾಲ್ಕು ವರ್ಷವಾದರೂ ಅಮ್ಮ ಒಗೆದು ಮಡಿಸಿಟ್ಟಿರುವ ಅವರ ಪಂಚೆಯನ್ನು ಕೇಳಿ ಇಸಿದುಕೊಂಡೆ. ನಡುಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗದಿಂದ ಕಿಟಕಿಯ ಸರಳಿಗೆ ಎಳೆದು ಕಟ್ಟಿದೆ.

ಮಗಳು ಮಣೆಯ ಮೇಲೆ ಕೂತಳು. ಅಮ್ಮ ಪೌಡರ್ ಡಬ್ಬಿ ಹಿಡಿದು ಬಂದಳು.

"ಬೇಡಮ್ಮ."

"ಅಯ್ಯ, ವೀರಣ್ಣನೋರ ಊರಲ್ಲಿ ಹುಟ್ಟಿ ಮುಖಕ್ಕೆ ಬಣ್ಣ ಬೇಡ ಅಂತೀಯಲ್ಲೆ" ಅಂತ ಗುಬ್ಬಿ ಕಂಪನಿಯನ್ನು ಎಳೆದು ತಂದು ನಕ್ಕಳು. ನನಗೆ ನಗು ಬರಲಿಲ್ಲ. ಗೋಡೆಯ ಮೇಲಿದ್ದ ನನ್ನ ಫೋಟೊ ತೋರಿಸಿ, "ನನಗೆ ಮಾಡಿದ್ದು ಸಾಲದಾ? ಅದು ನಾನಾ?" ಅಂದೆ. ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ.

ಅಮ್ಮ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಸ್ವಲ್ಪ ಹೊತ್ತು ನಿಂತಳು. "ನೀನು ಹುಟ್ಟಿದ ದಿನ ನೋಡಕ್ಕೆ ಬಂದೋರು ಒಬ್ಬೊಬ್ರೂ ಏನಂದ್ರು ಅಂತ ನಿಂಗೇನು ಗೊತ್ತು. ಬಾಗ್ಲಲ್ಲಿ ಚಪ್ಪಲಿ ಬಿಡೋಕೆ ಮುಂಚೇನೇ ಬಣ್ಣ ಕೇಳೋರು. ಫೋಟೊ ನೋಡಿದೋರಾದ್ರೂ ಬಾಯಿ ಮುಚ್ಕೊಂಡಿರ್ಲಿ ಅಂತ ಹಚ್ಚಿದ್ದು ಕಣೆ."

ನಲವತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಕ್ಯಾಮೆರಾದ ಪರದೆ ಸರಿಮಾಡುವವಳ ಹಾಗೆ ಕೆಳಗೆ ನೋಡುತ್ತಾ ಇದ್ದೆ. "ಅಮ್ಮ, ಕಾಲು ಜೋಮು ಹಿಡೀತು" ಎಂದು ಮಗಳು ಗೊಣಗಿದಳು. ತೆಗೆದೆ.

ಪಂಚೆಯ ಬೆಳಕು ಮೆತ್ತಗೆ ಇಳಿದಿತ್ತು. ಹುರಿದ ಕಾಫಿಬೀಜದ ಬಣ್ಣದ ಕೆನ್ನೆ, ಅದರಂಚಿಗೆ ಇನ್ನೂ ಸ್ವಲ್ಪ ಗಾಢ, ಹುಬ್ಬಿನ ಮೇಲೆ ಆ ಗೆರೆ. ಮಗಳು ಪರದೆಯನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಬಣ್ಣದ ಬಗ್ಗೆ ಏನೂ ಹೇಳಲಿಲ್ಲ. "ಗಾಯ ಬಂದಿದೆ" ಅಂದಳಷ್ಟೆ. ಆಮೇಲೆ ಇನ್ನೊಂದು ತೆಗಿ ಅಂದಳು, ಹಲ್ಲು ಬಿಟ್ಟುಕೊಂಡು.

ಎದ್ದು ಹೋಗುವಾಗ ಅಜ್ಜಿಯನ್ನು ಮಣೆಯ ಕಡೆ ಎಳೆದಳು. ಅಮ್ಮ ಬೇಡ ಬೇಡ ಅನ್ನುತ್ತಲೇ ಸೆರಗು ಸರಿಮಾಡಿಕೊಂಡಳು, ಡಬ್ಬಿ ಬಗ್ಗಿಸಿ ಅಂಗೈಗೆ ಪೌಡರ್ ಹಾಕಿಕೊಂಡು ನನ್ನ ಮುಖ ನೋಡಿದಳು. ನಾನು ತಡೆಯಲಿಲ್ಲ. ಕೂತ ಮೇಲೆ ಒಮ್ಮೆ ತಲೆಯೆತ್ತಿ ಪಂಚೆಯನ್ನು ನೋಡಿದಳು. ಆ ಕ್ಷಣಕ್ಕೆ ಫ್ಲಾಶ್ ಹೊಡೆದೆ.

ಕನ್ನಡಕ ಹಾಕಿಕೊಂಡು ಪರದೆಯನ್ನು ತುಂಬ ಹೊತ್ತು ನೋಡಿ ಅಮ್ಮ ಅಂದಳು, "ಕುತ್ತಿಗೆಗೂ ಹಚ್ಕೋಬೇಕಿತ್ತು ಕಣೆ."