ನಡುಮಣಿ

ನೂರರಿಂದ ಏಳೇಳನ್ನು ಕಳೆಯುತ್ತ ಹೋಗಿ ಎಂದರು ಡಾಕ್ಟರು. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಲೆಡ್ಜರುಗಳನ್ನು ಕೂಡಿ ಕಳೆದವನು ನಾನು, ಮನಸ್ಸಿನಲ್ಲೇ ನಕ್ಕೆ. ತೊಂಬತ್ತಮೂರು, ಎಂಬತ್ತಾರು ಎಂದವನು ಅಲ್ಲಿಯೇ ನಿಂತುಬಿಟ್ಟೆ. ಮುಂದಿನ ಅಂಕಿ ಬಾಗಿಲ ಹಿಂದೆಯೇ ಇದೆ, ಹೊರಗೆ ಬರಲೊಲ್ಲದು. ಪಾರ್ಶ್ವವಾಯುವಿನ ಪೆಟ್ಟು ಚಿಕ್ಕದು, ಕೈಕಾಲಿಗೆ ಏನೂ ಆಗಿಲ್ಲವಲ್ಲ ಎಂದು ಸಮಾಧಾನ ಹೇಳಿ ಕಳಿಸಿದರು. ಮನೆಗೆ ಬಂದ ಮೇಲೆ ಮಗ ಚೆಕ್ಕು ಪುಸ್ತಕವನ್ನೂ ಮನೆಖರ್ಚಿನ ವಹಿಯನ್ನೂ ಮಾತಿಲ್ಲದೆ ತನ್ನ ಬೀರುವಿಗೆ ಸೇರಿಸಿದ. ನಾನೂ ಕೇಳಲಿಲ್ಲ.

ಆಗ ನೆನಪಾದದ್ದು, ಕೆಲಸಕ್ಕೆ ಸೇರಿದ ಹೊಸತರಲ್ಲಿ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದ ಮಹಾವೀರಾಚಾರ್ಯನ ಒಂದು ಲೆಕ್ಕ. ಒಂಬತ್ತನೆಯ ಶತಮಾನದಲ್ಲಿ, ನಮ್ಮ ನೃಪತುಂಗನ ಕಾಲದಲ್ಲಿ, ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಜೈನ ಪಂಡಿತ ಆತ. 1912ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಹೊರತಂದರು. ಗುಣಾಕಾರ ಕಲಿಸುವಾಗಲೂ ಆಚಾರ್ಯನಿಗೆ ಆಭರಣದ ಮೋಹ: ಉತ್ತರವು ಕೊರಳ ಹಾರದಂತೆ ಎರಡು ಕಡೆಯಿಂದಲೂ ಒಂದೇ ಆಗಿ ಕಾಣಬೇಕು. 27994681ನ್ನು 441ರಿಂದ ಗುಣಿಸಿದರೆ 12345654321! ಬಾಯಲ್ಲಿ ಹೇಳಿದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಚಿಲ್ಲರೆ.

ಇದರ ಕುಲಗೋತ್ರವೂ ಸ್ವಾರಸ್ಯವಾದದ್ದೇ. ಬೆಸಸಂಖ್ಯೆ, ಪೂರ್ಣವರ್ಗ. 111111ನ್ನು ಅದರಿಂದಲೇ ಗುಣಿಸಿದರೆ ಬರುವುದು ಇದು. ಆ 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಹೀಗಾಗಿ ನಮ್ಮ ಹಾರವನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243. ನಮ್ಮ ಮನೆಯ ಮದುವೆಗಳಿಗೂ ಇಷ್ಟು ಬಂಧುಗಳು ಬಂದದ್ದಿಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಪೆನ್ಸಿಲು ಹಿಡಿದು ಕುಳಿತೆ. ಮೂರು ಸಾಲು ಬರೆದು ಕೂಡಿದೆ. 12345454321 ಬಂತು. ಎಡದಿಂದ ಓದಿದೆ, ಬಲದಿಂದ ಓದಿದೆ. ಹಾರ ಸರಿಯಾಗಿಯೇ ಇದೆ. ಕಣ್ಣು ಒಪ್ಪಿತು. ಆದರೆ ಹಳೆಯ ಗುಮಾಸ್ತನ ಚಾಳಿ ಬಿಡಬೇಕಲ್ಲ! ಅಂಕಿಗಳನ್ನು ಒಂದೊಂದಾಗಿ ಕೂಡಿದೆ: 34. 441 ಒಂಬತ್ತರಿಂದ ಭಾಗವಾಗುತ್ತದೆ. ಅದರಿಂದ ಗುಣಿಸಿದ ಮೇಲೆ ಉತ್ತರವೂ ಭಾಗವಾಗಲೇಬೇಕು, ಅದರ ಅಂಕಿಗಳ ಮೊತ್ತವೂ ಭಾಗವಾಗಬೇಕು. ಮೂವತ್ತನಾಲ್ಕು ಆಗದು. ಹುಡುಕಿದರೆ, ಲಕ್ಷದ ಸ್ಥಾನದಲ್ಲಿ ಕೈಯಲ್ಲಿದ್ದ ಎರಡನ್ನು ಕೂಡಿಸಲು ಮರೆತಿದ್ದೆ. ಹಾರದ ನಟ್ಟನಡುವಿನ ಮಣಿ ಅದು. ಅಲ್ಲಿ ಯಾವ ಅಂಕಿ ಬಿದ್ದರೂ ಎರಡು ಬದಿಗಳು ಹೊಂದಿಕೊಂಡೇ ಇರುತ್ತವೆ. ತಪ್ಪು ಅಡಗಿಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಡೀ ಸಂಖ್ಯೆಯಲ್ಲಿಯೇ ಇನ್ನೊಂದಿಲ್ಲ.

ತಪ್ಪಿದ್ದಕ್ಕೆ ಹೆದರಿಕೆಯಾಯಿತು, ನಿಜ. ಆದರೆ ಹಿಡಿದವನೂ ನಾನೇ ಎಂದು ಹೊಳೆದಾಗ ಒಬ್ಬನೇ ನಕ್ಕೆ. ಎರಡನೆಯ ಸಲ ಆರು ತನ್ನ ಜಾಗಕ್ಕೆ ಬಂತು, ಮೊತ್ತ 36.

ಬೆಳಗ್ಗೆ ಕಾಫಿ ಕುಡಿಯುತ್ತಿದ್ದ ಮಗನ ಮುಂದೆ ಎರಡು ಹಾಳೆಗಳನ್ನೂ ಇಟ್ಟೆ, ತಪ್ಪಿದ್ದನ್ನೂ ಸರಿಯಾದದ್ದನ್ನೂ. ಬಹಳ ಹೊತ್ತು ನೋಡಿದ. ಚೆಕ್ಕು ಪುಸ್ತಕದ ಮಾತೆತ್ತಲಿಲ್ಲ. “ಹಾಲಿನ ಲೆಕ್ಕ ಈ ತಿಂಗಳಿಂದ ನೀವೇ ಬರೆಯಿರಪ್ಪ” ಎಂದ.