ಮೂರು ಕೂಡಿದ ರುಚಿ: ಹಾನಗಲ್ಲಿನಿಂದ ಸವಣೂರಿಗೆ

ಬೆರಕೆ ಎಂಬ ಮಾತಿಗೆ ನಮ್ಮ ಜನರಲ್ಲಿ ಒಳ್ಳೆಯ ಹೆಸರಿಲ್ಲ. ಹಾಲಿಗೆ ನೀರು, ತುಪ್ಪಕ್ಕೆ ಅಗ್ಗದ ಎಣ್ಣೆ, ಅಕ್ಕಿಗೆ ಹರಳು ಕೂಡಿದರೆ ಅದು ಬೆರಕೆ. ಅದನ್ನು ಮಾರುವವನು ಮೋಸಗಾರನು. ಆದರೆ ಕೂಡಿಸುವದರಲ್ಲಿ ಇನ್ನೊಂದು ಬಗೆಯೂ ಉಂಟು. ಒಂದು ಪದಾರ್ಥದ ಕೊರತೆಯನ್ನು ಇನ್ನೊಂದು ತುಂಬಿ, ಎರಡರಲ್ಲಿಯೂ ಒಂಟಿಯಾಗಿ ಇಲ್ಲದ ಮೂರನೆಯ ಗುಣವೊಂದು ಹುಟ್ಟುವಂತೆ ತೂಗಿ ಅಳೆದು ಮಾಡುವ ಕೂಡಿಕೆಯದು. ಸಾರಿನ ಪುಡಿಯನ್ನು ಮನೆಯಲ್ಲಿಯೇ ಕುಟ್ಟುವ ನಮ್ಮ ವಾಚಕಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿದ್ಯೆಯಲ್ಲಿ ಲೋಕಪ್ರಸಿದ್ಧರಾದವರು ಫ್ರಾನ್ಸ್ ದೇಶದ ನೈಋತ್ಯ ಮೂಲೆಯ ಬೋರ್ಡೋ ಸೀಮೆಯವರು. ಅವರ ಬಿಳಿಯ ದ್ರಾಕ್ಷಾಸವವು ಬಹುಮಟ್ಟಿಗೆ ಒಂದೇ ದ್ರಾಕ್ಷಿಯಿಂದ ಇಳಿಸಿದ್ದಲ್ಲ. ಸೆಮಿಯೋಂ ಎಂಬ ಜಾತಿಯೊಂದು, ಸೊವಿನ್ಯೋಂ ಬ್ಲಾಂ ಎಂಬುದೊಂದು. ಒಮ್ಮೊಮ್ಮೆ ಮೂರನೆಯದಾಗಿ ಮಸ್ಕದೆಲ್ ಎಂಬುದು ತುಸು. ಸೆಮಿಯೋಂದ ರಸಕ್ಕೆ ಮೈಯುಂಟು, ತೂಕವುಂಟು. ವಯಸ್ಸಾದಂತೆ ಜೇನಿನ, ಮೇಣದ ವಾಸನೆ ಏರುವದು. ಆದರೆ ಹುಳಿ ಸಾಲದು. ಒಂಟಿಯಾಗಿ ಬಿಟ್ಟರೆ ಮಂದವಾಗಿ ಮಲಗಿಬಿಡುವದುಂಟು. ಸೊವಿನ್ಯೋಂ ಇದಕ್ಕೆ ತಿರುಗುಮುರುಗು. ಅದರಲ್ಲಿ ನಿಂಬೆಯ ಚುರುಕು, ಈಗ ತಾನೆ ಕೊಯ್ದ ಹುಲ್ಲಿನ ಕಂಪು. ಆದರೆ ನಾಲಿಗೆಯ ಮೇಲೆ ಬಹಳ ಹೊತ್ತು ನಿಲ್ಲದು. ಎರಡನ್ನೂ ಕೂಡಿಸಿದಲ್ಲಿ ಮಂದವಾದದ್ದು ಎದ್ದು ಕೂಡ್ರುವದು, ಚಂಚಲವಾದದ್ದು ನೆಲೆ ನಿಲ್ಲುವದು. ಮಸ್ಕದೆಲ್ಲಿನ ಪಾಲು ಹೂವಿನ ಪರಿಮಳದಷ್ಟೇ. ಹೆಚ್ಚಾದರೆ ಕೆಲಸ ಕೆಟ್ಟಿತು.

ಅದೇ ಸೀಮೆಯ ಸೊತೆರ್ನ್ ಎಂಬಲ್ಲಿ ಇದೇ ಜಾತಿಗಳ ಕೂಡಿಕೆಯಿಂದ ಸಿಹಿಯಾದ ಬಿಳಿಯ ಆಸವವೊಂದು ಆಗುತ್ತದೆ. ಸಿರೋಂ ಎಂಬ ತಣ್ಣನೆಯ ಚಿಕ್ಕ ಹೊಳೆಯು ಗರೋನ್ ಎಂಬ ಬೆಚ್ಚನೆಯ ದೊಡ್ಡ ಹೊಳೆಯನ್ನು ಅಲ್ಲಿ ಕೂಡುವದರಿಂದ ಸುಗ್ಗಿಯ ಕಾಲದ ಮುಂಜಾವಿನಲ್ಲಿ ಮಂಜು ಕವಿಯುವದು. ಆ ತೇವದಲ್ಲಿ ಹಣ್ಣಿನ ಸಿಪ್ಪೆಗೆ ಬೂಜು ಹತ್ತಿ, ನೀರು ಆರಿ, ಸಕ್ಕರೆ ಗಟ್ಟಿಯಾಗುವದು. ಬೂಜು ಹತ್ತಿದ ಹಣ್ಣನ್ನೇ ಆರಿಸಿ ಆರಿಸಿ ಕೊಯ್ಯುವರೆಂದರೆ ನಮ್ಮ ಒಕ್ಕಲಿಗನು ನಕ್ಕಾನು. ಆದರೆ 1855ರಲ್ಲಿ ಬೋರ್ಡೋದ ಆಸವಗಳಿಗೆ ದರ್ಜೆ ಕಟ್ಟಿದಾಗ ಬಿಳಿಯವುಗಳಲ್ಲಿ ಎಲ್ಲಕ್ಕೂ ಮೇಲಿನ ಪೀಠವು ಸೊತೆರ್ನಿನ ಇಕೆಮ್ ಎಂಬ ತೋಟಕ್ಕೆ ಸಂದಿತು.

ನಮ್ಮ ವಾಚಕರಲ್ಲಿ ಹಲವರ ಮನೆಗಳಲ್ಲಿ ಮದ್ಯವು ಹೊಸ್ತಿಲು ದಾಟಿದ್ದಿಲ್ಲ. ಅದು ದಾಟಲೆಂದು ನಾವು ಇದನ್ನು ಬರೆಯುತ್ತಲೂ ಇಲ್ಲ. ಇಂಥದೇ ಕೂಡಿಕೆಯೊಂದು ನಮ್ಮ ನಾಡಿನಲ್ಲಿ, ಹಾವೇರಿ ಜಿಲ್ಲೆಯ ನಾಲ್ಕು ತಾಲೂಕುಗಳ ನಡುವೆ, ಯಾರೂ ಹೆಚ್ಚಾಗಿ ಹೊಗಳದೆ ಬಾಳಿಕೊಂಡು ಬಂದಿದೆಯೆಂಬುದನ್ನು ತೋರಿಸುವದಕ್ಕಾಗಿ ಇಷ್ಟು ದೂರದಿಂದ ಹೊರಡಬೇಕಾಯಿತು. ಅದು ತಾಂಬೂಲ.

ಈ ಸೀಮೆಯ ಲಕ್ಷಣವನ್ನು ಮೊದಲು ಹೇಳಬೇಕು. ಪಡುವಲಿಂದ ಸಹ್ಯಾದ್ರಿಯ ಮಳೆ ಹಾನಗಲ್ಲಿನವರೆಗೆ ಕೈ ಚಾಚುತ್ತದೆ. ಅಲ್ಲಿ ಬತ್ತದ ಗದ್ದೆ, ಮಾವಿನ ತೋಪು, ಅಡಿಕೆಯ ತೋಟ. ಅಲ್ಲಿಂದ ಮೂಡಲಿಗೆ ಬಂಕಾಪುರ, ಶಿಗ್ಗಾವಿಗಳನ್ನು ಹಾಯ್ದು ಸವಣೂರಿನ ಕಡೆಗೆ ನಡೆದಂತೆ ಗಿಡಗಳು ಕುಳ್ಳಾಗುವವು, ಆಕಾಶವು ಅಗಲವಾಗುವದು; ಎರೆಯ ಹೊಲ, ಜೋಳ, ಹತ್ತಿಗಳು ಮೊದಲಾಗುವವು. ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಎರಡೂ ಒಂದನ್ನೊಂದು ಮುಟ್ಟುವ ಅಂಚು. ಅಡಿಕೆ ಒಂದು ಕಡೆಯದು, ಎಲೆ ಇನ್ನೊಂದು ಕಡೆಯದು. ಎತ್ತಿನ ಬಂಡಿಯ ಒಂದು ದಿನದ ದಾರಿಯೊಳಗೆ ಎರಡೂ ಕೂಡುತ್ತಿದ್ದವು.

ಹಾನಗಲ್ಲು ಹಳೆಯ ಪಾನುಂಗಲ್ಲು. ಕಲ್ಯಾಣದ ಚಾಲುಕ್ಯರ ಕೆಳಗೆ ಕದಂಬರ ಒಂದು ಮನೆತನವು ಇಲ್ಲಿಂದ ಐನೂರು ಹಳ್ಳಿಗಳ ನಾಡನ್ನು ಆಳಿತು. ತಾರಕೇಶ್ವರ ದೇವಾಲಯದ ಎಂಟು ಮೂಲೆಯ ಮಂಟಪದಲ್ಲಿ ನಿಂತು ತಲೆಯೆತ್ತಿದರೆ, ಕಲ್ಲಿನ ತಾವರೆಯೊಂದು ಚಾವಣಿಯಿಂದ ತಲೆಕೆಳಗಾಗಿ ಇಳಿಬಿದ್ದಿರುವದು. ಆ ಚಾಲುಕ್ಯರ ಅರಸನಾದ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅರಸರ ಉಪಭೋಗಗಳನ್ನು ಎಣಿಸುವಾಗ ತಾಂಬೂಲಕ್ಕೆ ಬೇರೆಯೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಕುಡಿಯುವದಕ್ಕೊಂದು, ಉಣ್ಣುವದಕ್ಕೊಂದು, ಮೆಲ್ಲುವದಕ್ಕೊಂದು. ಅಡಿಕೆಯು ಆಗಲೇ ಹಿತ್ತಲ ಬೆಳೆಯಾಗಿ ಉಳಿದಿರಲಿಲ್ಲ.

ಅಡಿಕೆಯು ಈ ಕೂಡಿಕೆಯ ಮೈ. ಬರಿಯ ಅಡಿಕೆಯನ್ನು ಬಾಯಿಗೆ ಹಾಕಿದರೆ ಒಗರು, ನಾಲಿಗೆ ಸೆಟೆಯುವದು. ಆ ಒಗರಿಗೆ ಎಲೆಯೇ ಬೇಕು. ಸವಣೂರಿನ ಎಲೆಯೆಂದರೆ ದೂರದ ಪೇಟೆಗಳಲ್ಲಿಯೂ ಊರ ಹೆಸರಿನಿಂದಲೇ ಕೇಳಿ ಕೊಳ್ಳುವ ಎಲೆ.

ಸವಣೂರಿಗೆ ಫ್ರೆಂಚರ ಗುರುತು ಹೊಸದಲ್ಲವೆಂದರೆ ವಾಚಕರು ಬೆರಗಾಗಬಹುದು. 1756ರಲ್ಲಿ ಪೇಶವೆ ಬಾಳಾಜಿ ಬಾಜೀರಾಯನೂ ನಿಜಾಮನಾದ ಸಲಾಬತ್ ಜಂಗನೂ ಕೂಡಿ ಸವಣೂರಿಗೆ ಮುತ್ತಿಗೆ ಹಾಕಿದಾಗ, ನಿಜಾಮನ ಪಕ್ಷದಲ್ಲಿ ಬುಸ್ಸಿ ಎಂಬ ಫ್ರೆಂಚ್ ಸರದಾರನು ತನ್ನ ದಂಡು, ತೋಪುಗಳೊಡನೆ ಬಂದಿದ್ದನು. ಒಳಗೆ ನವಾಬ ಅಬ್ದುಲ್ ಹಕೀಮಖಾನನೂ ಗುತ್ತಿಯ ಮುರಾರಿರಾಯನೂ ಇದ್ದರು. ಕಡೆಗೆ ಸಂಧಿಯಾಯಿತು, ಫ್ರೆಂಚರು ಹೋದರು, ಎಲೆಯ ತೋಟಗಳ ಊರೆಂಬ ಹೆಸರು ಸವಣೂರಿಗೆ ಉಳಿಯಿತು. ನವಾಬರ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1783ರಲ್ಲಿ ಬೃಂದಾವನಸ್ಥರಾದ ಉತ್ತರಾದಿ ಮಠದ ಸತ್ಯಬೋಧತೀರ್ಥರ ಸನ್ನಿಧಿಯೂ ಇದೇ ಊರಲ್ಲಿದೆ. ಫಲತಾಂಬೂಲವಾಗಿ ಒಂದು ಕಡೆ, ಪಾನದ ಬೀಡವಾಗಿ ಇನ್ನೊಂದು ಕಡೆ, ಎಲೆ ಮಾತ್ರ ಒಂದೇ ತೋಟದ್ದು. ಇನ್ನು ಸವಣೂರ ಖಾರವೆಂಬ ತಿನಿಸಿನ ಖ್ಯಾತಿಯನ್ನು ನಾವು ಇಲ್ಲಿ ಎತ್ತಿದರೆ ಲೇಖನವು ಅತ್ತಲೇ ಓಡೀತು.

ಎಲೆಯ ತೋಟದೊಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಥಟ್ಟನೆ ನಿಂತುಹೋಗುವದು. ನುಗ್ಗೆ, ಚೊಗಚೆ, ಹಾಲವಾಣಗಳ ಎಳೆಯ ಮರಗಳನ್ನು ಸಾಲಾಗಿ ಬೆಳೆಸಿ, ಅವುಗಳಿಗೆ ಬಳ್ಳಿಯನ್ನು ಹಬ್ಬಿಸಿರುತ್ತಾರೆ. ಕಾಲುವೆಯಲ್ಲಿ ನೀರು ಸಣ್ಣಗೆ ಹರಿಯುತ್ತಿರಬೇಕು, ಆದರೆ ನಿಲ್ಲಬಾರದು. ಗಾಳಿ ಆಡಬೇಕು, ಆದರೆ ಬೀಸಬಾರದು. ಬಿಸಿಲು ಚಿಕ್ಕೆ ಚಿಕ್ಕೆಯಾಗಿ ಬೀಳಬೇಕು. ಕೂಸಿನ ಆರೈಕೆಯೂ ಇಷ್ಟು ನಾಜೂಕಿನದಲ್ಲ. ಬಳ್ಳಿಯು ಕೈಗೆ ಸಿಗದಷ್ಟು ಮೇಲೇರಿದಾಗ ಅದನ್ನು ಬಿಡಿಸಿ ಇಳಿಸಿ, ಬುಡದ ಭಾಗವನ್ನು ಸುರುಳಿ ಸುತ್ತಿ ಮಣ್ಣಿನಲ್ಲಿ ಹೂಳುವರು. ಹೂತ ಗಿಣ್ಣುಗಳಿಂದ ಹೊಸ ಬೇರು ಬಿಟ್ಟು, ಹಳೆಯ ಬಳ್ಳಿಯೇ ಮರಳಿ ಎಳೆಯದಾಗಿ ಏರುವದು. ಇಳಿಸುವಾಗ ಬಳ್ಳಿ ಮುರಿಯದಂತೆ ಹಿಡಿಯುವ ಕೈ ತಂದೆಯಿಂದ ಮಗನಿಗೆ ಬರುವದೇ ಹೊರತು ಪುಸ್ತಕದಿಂದ ಬರುವದಲ್ಲ. ಬೋರ್ಡೋದವರಿಗೆ ಉಪಕಾರಿಯಾದ ತೇವದ ಬೂಜು ಇಲ್ಲಿ ಕೊಲೆಗಾರ: ಮಳೆಗಾಲದಲ್ಲಿ ನೀರು ನಿಂತು ಬುಡ ಕೊಳೆಯಿತೆಂದರೆ, ನಿನ್ನೆ ಹಸುರಾಗಿದ್ದ ಸಾಲು ನೋಡನೋಡುತ್ತ ಸೊರಗಿ ಜೋತುಬೀಳುವದು, ವರ್ಷಗಳ ದುಡಿಮೆ ಒಂದು ಪಕ್ಷದಲ್ಲಿ ಮುಗಿಯುವದು.

ಈಗ ಕೂಡಿಕೆಯ ಮಾತು. ಎಲೆಯಲ್ಲಿ ಲವಂಗದ ಎಣ್ಣೆಯ ಬಂಧುವಾದ ಸುಗಂಧತೈಲವಿದೆ. ಖಾರವೂ ಕಂಪೂ ಅದರದು. ಅಡಿಕೆಯಲ್ಲಿ ಒಗರು, ಜೊತೆಗೆ ಮೈಯನ್ನು ಬೆಚ್ಚಗೆ ಮಾಡುವ ಒಂದು ಸತ್ವ. ಸುಣ್ಣವು ಹೆಸರಿಗೆ ಬಡವನಾದರೂ ಮೂವರಲ್ಲಿ ಕಾರಭಾರಿ ಅದೇ: ಅಡಿಕೆಯ ಸತ್ವವನ್ನು ಮಾರ್ಪಡಿಸಿ, ಅದರ ಒಗರಿನ ದ್ರವ್ಯದೊಡನೆ ಸೇರಿ ಕೆಂಪನ್ನು ಹುಟ್ಟಿಸುವದು. ಎಲೆ ಹಸುರು, ಅಡಿಕೆ ಕಂದು, ಸುಣ್ಣ ಬಿಳಿದು. ಬಾಯಿ ಮಾತ್ರ ಕೆಂಪು! ನಮ್ಮ ಹಿರಿಯರು ಇದನ್ನು ಕೇವಲ ರಸಿಕತೆಯಿಂದ ನೋಡಿ ಬಿಟ್ಟಿಲ್ಲ. ಜಡವಾದ ಭೂತಗಳು ಕೂಡಿದಾಗ ಚೈತನ್ಯವು ಹುಟ್ಟುವದೆಂದು ವಾದಿಸಿದ ಚಾರ್ವಾಕರ ಮತವನ್ನು ವಿವರಿಸುತ್ತ, ಸರ್ವಸಿದ್ಧಾಂತಸಂಗ್ರಹವು ಎಲೆ, ಅಡಿಕೆ, ಸುಣ್ಣಗಳಿಂದೇಳುವ ಕೆಂಪನ್ನು ದೃಷ್ಟಾಂತವಾಗಿ ಕೊಡುತ್ತದೆ. ವಿಜಯನಗರದ ಕಾಲದ ಮಾಧವಾಚಾರ್ಯರ ಸರ್ವದರ್ಶನಸಂಗ್ರಹವು ಅದೇ ಮತಕ್ಕೆ ಹುದುಗಿನಿಂದ ಮದ್ಯದಲ್ಲಿ ಹುಟ್ಟುವ ಮದವನ್ನು ಕೊಡುತ್ತದೆ. ಮತವು ನಿಲ್ಲಲಿ ಬೀಳಲಿ, ತಾಂಬೂಲವನ್ನೂ ದ್ರಾಕ್ಷಾಸವವನ್ನೂ ಹತ್ತಿರ ಹತ್ತಿರ ಇಟ್ಟವರಲ್ಲಿ ನಾವು ಮೊದಲಿಗರಲ್ಲವೆಂಬ ಧೈರ್ಯ ನಮಗೆ ಸಾಕು.

ಅಳತೆಯಲ್ಲಿಯೇ ಎಲ್ಲ ಜಾಣತನ. ಅಡಿಕೆ ಹೆಚ್ಚಾದರೆ ಒಗರು, ಎಲೆ ಹೆಚ್ಚಾದರೆ ಬರಿಯ ಖಾರ, ಸುಣ್ಣ ಒಂದು ಉಗುರಿನಷ್ಟು ಮೀರಿದರೆ ಬಾಯಿ ಬೇಯುವದು. ಮಸ್ಕದೆಲ್ಲಿನಂತೆ ಪರಿಮಳಕ್ಕೆ ಬರುವ ಏಲಕ್ಕಿ, ಲವಂಗಗಳೂ ಅತಿಥಿಗಳಾಗಿಯೇ ಇರಬೇಕು.

ಇವೆರಡು ಕೂಡಿಕೆಗಳನ್ನು ಮೂರನೆಯದೊಂದು ನಿಜವಾಗಿಯೂ ಕಟ್ಟಿಹಾಕಿದೆ. ಈ ಲೇಖನಕ್ಕೆ ನಮ್ಮನ್ನು ಎಳೆದದ್ದೂ ಅದೇ. ಬೋರ್ಡೋ ಸೀಮೆಯ ಮೆದೊಕ್ ಎಂಬಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು, ಹಾದಿಯ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣಗಳ ನೀಲಿ ನೀರನ್ನು ಎರಚುವ ರೂಢಿಯಿತ್ತು. 1882ರಲ್ಲಿ ಎಲೆಗಳಿಗೆ ಬೂಜು ಹತ್ತಿ ತೋಟಗಳೆಲ್ಲ ಬೋಳಾದಾಗ, ಈ ಹಾದಿಯ ಬಳ್ಳಿಗಳು ಮಾತ್ರ ಹಸುರಾಗಿರುವದನ್ನು ಮಿಲಾರ್ದೆ ಎಂಬ ಸಸ್ಯಶಾಸ್ತ್ರಜ್ಞನು ಕಂಡನು. ಅವನು ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದ್ದೇ ಬೋರ್ಡೋ ದ್ರಾವಣ. ನಮ್ಮ ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗ ಬಂದರೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವದೊಂದೇ ಉಪಾಯವಾಗಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಈ ರೋಗದ ಬೂಜನ್ನು ಶೋಧಿಸಿ 1910ರಲ್ಲಿ ಬರೆದರು. ಅದಕ್ಕೆ ಫ್ರೆಂಚರ ನೀಲಿ ನೀರನ್ನೇ ಮದ್ದಾಗಿ ಹಿಡಿದರು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ: ಇಂದಿಗೂ ಮಳೆಗಾಲದ ಮುಂಚೆ ಕೊನೆಗಾರನು ಮರವೇರಿ ಎರಚುವದು ಇದನ್ನೇ, ಎಲೆಯ ಬಳ್ಳಿಯ ಬುಡಕ್ಕೆ ಹೊಯ್ಯುವದೂ ಇದನ್ನೇ. ಸೆಮಿಯೋಂದ ಎಲೆಯನ್ನು ಕಾಯ್ದ ಸುಣ್ಣವು ನಮ್ಮ ಅಡಿಕೆಯನ್ನೂ ಕಾಯುತ್ತದೆ.

ಇನ್ನು ಅಹಿತವಾದರೂ ಹೇಳಲೇಬೇಕಾದದ್ದೊಂದುಂಟು. ಫ್ರಾನ್ಸಿನದೇ ಲಿಯೋಂ ಪಟ್ಟಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನೆಯ ಮಂಡಲವಿದೆ. ಅದು ತಂಬಾಕು ಕೂಡಿದ ತಾಂಬೂಲವನ್ನು 1985ರಲ್ಲಿಯೂ, ಮದ್ಯವನ್ನು 1988ರಲ್ಲಿಯೂ, ತಂಬಾಕಿಲ್ಲದ ತಾಂಬೂಲವನ್ನೂ ಅಡಿಕೆಯನ್ನೂ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿಯೂ ಕ್ಯಾನ್ಸರಿಗೆ ಕಾರಣವೆಂದು ನಿರ್ಣಯಿಸಿತು. ಎರಡೂ ಕೂಡಿಕೆಗಳು ಒಂದೇ ಕಟಕಟೆಯಲ್ಲಿ ನಿಂತವು. ಕರ್ನಾಟಕ ಸರಕಾರವು 2013ರಲ್ಲಿ ಗುಟಕಾವನ್ನು ನಿಷೇಧಿಸಿದ್ದು ಸರಿಯೇ. ಎಲೆಯ ಕಂಪೂ ಇಲ್ಲದ, ಅಳತೆಯ ನಾಚಿಕೆಯೂ ಇಲ್ಲದ ಆ ಪುಡಿಯನ್ನು ತಾಂಬೂಲದ ಸಂತತಿಯೆಂದು ಕರೆಯಲು ನಮಗೆ ಮನಸ್ಸಿಲ್ಲ. ಆದರೆ ಅಡಿಕೆಯನ್ನೇ ಬಲ್ಲವರು ದೋಷಿಯೆಂದ ಮೇಲೆ, ನಮ್ಮ ಒಲವನ್ನು ಮುಂದೆ ಮಾಡಿ ವಾಚಕರನ್ನು ದಾರಿ ತಪ್ಪಿಸಲಾರೆವು. ದಿನವೂ ಜಗಿಯುವ ಚಟವು ಬೇಡ. ತೋಟಿಗನ ಪಾಡು ಇಲ್ಲಿಯೇ ಬಿಗಿಯಾಗುವದು: ಅವನ ಬಾಳು ಬಳ್ಳಿಯ ಮೇಲೆ ನಿಂತಿದೆ, ಬಳ್ಳಿಯ ಎಲೆಯು ಅಡಿಕೆಯ ಗೆಳೆತನದಿಂದಲೇ ಮಾರುತ್ತ ಬಂದಿದೆ. ಮದುವೆಯಲ್ಲಿ, ಬಾಗಿನದಲ್ಲಿ, ದೇವರ ಮುಂದೆ ಎಲೆಯಡಿಕೆ ಇಡುವದಕ್ಕೆ ಯಾವ ವೈದ್ಯನೂ ಅಡ್ಡ ಬಾರನು. ಊಟದ ಮೇಲೆ ಅಡಿಕೆಯನ್ನು ಬಿಟ್ಟು, ಎಲೆಗೆ ಸೋಂಪು, ಕೊಬ್ಬರಿ, ಗುಲ್ಕಂದಗಳನ್ನಿಟ್ಟು ಮಡಿಸುವ ಮನೆಗಳೂ ಇವೆ. ಮೈ ಹೋಗಿ ಕಂಪಷ್ಟೇ ಉಳಿದ ಆ ಬೀಡವು ಹಳಬರಿಗೆ ಸಪ್ಪೆ. ನಮಗೆ ಅಷ್ಟು ಸಪ್ಪೆಯೆನಿಸಲಿಲ್ಲ.

ಶಿಗ್ಗಾವಿ ತಾಲೂಕಿನ ಶಿಶುವಿನಹಾಳಕ್ಕೆ, ಶರೀಫಸಾಹೇಬರ ನೆಲೆಗೆ, ಹೋಗುವವರು ಸವಣೂರನ್ನು ಕೂಡಿಸಿಕೊಂಡೇ ಹೊರಡಬೇಕು. ಹಿರೇಕೆರೂರು ತೆಂಕಣ ದಿಕ್ಕಿನದು. ಅಲ್ಲಿ ಮಾಸೂರಿನ ಬಳಿ ಕುಮುದ್ವತಿಗೆ ಕಟ್ಟಿದ ಮದಗದ ಕೆರೆಯನ್ನು ನೋಡದೆ ಬರುವದು ಸಲ್ಲದು. ಮೆಕ್ಕೆಜೋಳದ ಹೊಲಗಳ ನಡುವೆ, ನೀರಿನ ಆಸರೆ ಸಿಕ್ಕಲ್ಲೆಲ್ಲ ಈಗ ಅಡಿಕೆಯ ಸಸಿಗಳು ಆ ಕಡೆಗೂ ಎದ್ದಿವೆ.

ಸವಣೂರಿನಿಂದ ಎಲೆ ಒಯ್ಯುವವರು ಬೆಳಗಿನ ಹೊತ್ತಿಗೆ ಕೊಳ್ಳಬೇಕು. ತೊಟ್ಟು ಮುರಿದರೆ ಹೊಸ ಎಲೆ ಚಟ್ಟನೆ ಸದ್ದು ಮಾಡುವದು. ಕಟ್ಟನ್ನು ಬಾಳೆಯ ಎಲೆಯಲ್ಲಿ ಸುತ್ತಿ, ಮೇಲೆ ಒದ್ದೆಯ ಅರಿವೆ ಹೊದಿಸಿ, ದಿನಕ್ಕೊಮ್ಮೆ ಬಿಚ್ಚಿ ಕೊಳೆತದ್ದನ್ನು ತೆಗೆಯುತ್ತಿದ್ದರೆ ನಾಲ್ಕಾರು ದಿನ ಬಾಡದು.